ನುಂಗಿಕೊಂಡ ಒಂದು ಸಾಲು

ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ದಾವಣಗೆರೆಯವರೊಬ್ಬರು ಬರೆದ ಪತ್ರ ಓದಿದೆ. ಎರಡು ಸಲ ಓದಿದೆ. ಅವರ ತಂದೆಗೆ ಬೈಪಾಸ್ ಆಪರೇಷನ್ ಆಯಿತಂತೆ, ಕ್ರೈಸ್ತ ಸ್ನೇಹಿತರು ಬಂದು ಮಂಚದ ಸುತ್ತ ನಿಂತು ಪ್ರಾರ್ಥನೆ ಮಾಡಿ "ಏನೂ ಆಗಲ್ಲ, ನಂಬಿಕೆ ಇಡಿ" ಎಂದು ಹೇಳಿ ಹೋದರಂತೆ, ಒಂಬತ್ತನೇ ದಿನ ತಂದೆ ತೀರಿಕೊಂಡರಂತೆ. ದೇವರಿಗೆ ಎಲ್ಲ ಮೊದಲೇ ಗೊತ್ತು ಅಂತ ಹೇಳುವವರೂ ನೀವೇ, ದಿನಾ ಕೂತು ಅದು ಕೊಡು ಇದು ಕೊಡು ಅಂತ ಕೇಳುವವರೂ ನೀವೇ, ಇದರಿಂದ ಆಗುವುದಾದರೂ ಏನು ಎಂದು ಕೇಳಿದ್ದರು. ಜೊತೆಗೆ, ಬೇರೆಯವರ ಪ್ರಾರ್ಥನೆಯಿಂದ ರೋಗಿಗಳಿಗೆ ಉಪಯೋಗ ಆಗುತ್ತದೆಯೇ ಎಂದು ನೋಡಿದ ಅಮೆರಿಕದ ಒಂದು ಅಧ್ಯಯನದ ಮಾತನ್ನೂ ಎತ್ತಿದ್ದರು.

ನಾನು ಪಾಸ್ಟರ್ ಅಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಒಂದಿಷ್ಟು ತೆಂಗು ಇಟ್ಟುಕೊಂಡಿರುವವನು, ಭಾನುವಾರ ತಪ್ಪದೆ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ, ಅಂದರೆ ಚರ್ಚಿಗೆ, ಹೋಗುವವನು, ಅಷ್ಟೇ. ಆದರೂ ಆ ಪತ್ರಕ್ಕೆ ಉತ್ತರ ಬರೆಯದೆ ಇರಲಾಗಲಿಲ್ಲ.

ಮೊದಲು ಆ ಸ್ನೇಹಿತರ ವಿಷಯ. "ಏನೂ ಆಗಲ್ಲ" ಎಂದು ಹೇಳುವ ಅಧಿಕಾರ ಅವರಿಗೆ ಯಾರೂ ಕೊಟ್ಟಿರಲಿಲ್ಲ. ನಮ್ಮವರಲ್ಲಿ ಈ ಚಟ ಇದೆ. ಊರೂರಲ್ಲಿ ಅದ್ಭುತ ಪ್ರಾರ್ಥನಾ ಕೂಟ ಅಂತ ಬ್ಯಾನರ್ ಕಟ್ಟುತ್ತಾರೆ. ವೀಸಾ ಸಿಗುತ್ತೆ, ಸರ್ಕಾರಿ ಕೆಲಸ ಸಿಗುತ್ತೆ, ಸಾಲ ತೀರುತ್ತೆ. ಸಿಕ್ಕವರನ್ನು ಮೈಕಿನ ಮುಂದೆ ಸಾಕ್ಷಿ ಹೇಳಲು ನಿಲ್ಲಿಸುತ್ತಾರೆ, ಸಿಗದವರಿಗೆ ನಂಬಿಕೆ ಸಾಲದು ಅಂದುಬಿಡುತ್ತಾರೆ. ತಂದೆ ಹೋದ ದುಃಖದ ಮೇಲೆ ಈ ಮಾತೂ ಬಿದ್ದಿದ್ದರೆ, ನಮ್ಮ ಕಡೆಯವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಇನ್ನು ಅಧ್ಯಯನ. ಅದು ನಿಜ. ನನ್ನ ಮಗಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. 2006ರಲ್ಲಿ ಪ್ರಕಟವಾದದ್ದು. ಅಮೆರಿಕದ 6 ಆಸ್ಪತ್ರೆಗಳಲ್ಲಿ ಬೈಪಾಸ್ ಮಾಡಿಸಿಕೊಂಡ 1,802 ಜನರನ್ನು ಮೂರು ಗುಂಪು ಮಾಡಿದರು. ಎರಡು ಗುಂಪಿನವರಿಗೆ "ನಿಮಗೋಸ್ಕರ ಪ್ರಾರ್ಥನೆ ಮಾಡಬಹುದು, ಮಾಡದೆಯೂ ಇರಬಹುದು" ಎಂದು ಹೇಳಿ, ಒಂದು ಗುಂಪಿಗೆ ಮಾಡಿಸಿದರು, ಇನ್ನೊಂದಕ್ಕೆ ಮಾಡಿಸಲಿಲ್ಲ. ಮೂರನೇ ಗುಂಪಿಗೆ "ಖಂಡಿತ ಮಾಡುತ್ತಾರೆ" ಎಂದು ಹೇಳಿಯೇ ಮಾಡಿಸಿದರು. ಮೊದಲ ಎರಡು ಗುಂಪಿನ ಪೈಕಿ ಪ್ರಾರ್ಥನೆ ಸಿಕ್ಕಿದವರಲ್ಲಿ ನೂರಕ್ಕೆ 52 ಮಂದಿಗೆ ಆಪರೇಷನ್ ಆದಮೇಲೆ ತೊಂದರೆ ಕಾಣಿಸಿಕೊಂಡಿತು, ಸಿಗದವರಲ್ಲಿ 51 ಮಂದಿಗೆ. ಅಂದರೆ ಏನೂ ವ್ಯತ್ಯಾಸ ಇಲ್ಲ. ಖಂಡಿತ ಮಾಡುತ್ತಾರೆ ಅಂತ ಗೊತ್ತಿದ್ದವರಲ್ಲಿ 59 ಮಂದಿಗೆ! ಪಾಪ, "ನನಗೆ ಅಷ್ಟೊಂದು ಸೀರಿಯಸ್ಸಾ" ಅಂತ ಗಾಬರಿ ಬಿದ್ದರೋ ಏನೋ.

ಇದರಲ್ಲಿ ನಾನು ಹುಳುಕು ಹುಡುಕಲು ಹೋಗುವುದಿಲ್ಲ. ನನ್ನ ಮನಸ್ಸು ಹಿಡಿದದ್ದು ಬೇರೆ ಒಂದು ಸಣ್ಣ ಸಂಗತಿ. ಪ್ರಾರ್ಥನೆ ಮಾಡುವವರಿಗೆ ರೋಗಿಯ ಬಗ್ಗೆ ಕೊಟ್ಟದ್ದು ಇಷ್ಟೇ: ಹೆಸರು, ಮನೆತನದ ಹೆಸರಿನ ಮೊದಲಕ್ಷರ. ನಮ್ಮಲ್ಲಾದರೆ 'ರಾಜು ಕೆ' ಅಂದ ಹಾಗೆ. 14 ದಿನ ಆ ಹೆಸರು ಹೇಳಿ, ಆಪರೇಷನ್ ಚೆನ್ನಾಗಿ ಆಗಲಿ, ಬೇಗ ಗುಣವಾಗಲಿ, ತೊಂದರೆ ಬಾರದಿರಲಿ ಅಂತ ಬೇಡಿಕೊಳ್ಳಬೇಕು. ಆಮೇಲೆ ಲೆಕ್ಕ ಹಾಕಿದ್ದು ರೋಗಿಗಳದ್ದು. ಹೆಸರು ಹೇಳುತ್ತಾ ಕೂತವರಿಗೆ ಏನಾಯಿತು ಅನ್ನುವುದು ಆ ಲೆಕ್ಕದಲ್ಲಿ ಇಲ್ಲ. ಅದು ಅವರ ಪ್ರಶ್ನೆಯೂ ಅಲ್ಲ ಬಿಡಿ. ನನ್ನ ಪತ್ರ ಹೆಸರು ಹೇಳುವವರ ಈ ತುದಿಯ ಬಗ್ಗೆ.

ನಾನೂ ಒಂದು ಹೆಸರು ಹೇಳಿದವನೇ. ಅದು ನನ್ನ ಸ್ವಂತ ಅಣ್ಣನದು. ಗುರುತಿಲ್ಲದ ರಾಜು ಕೆ ಆಗಿದ್ದರೆ ಎಷ್ಟು ಸಲೀಸಾಗಿತ್ತು!

ವಿಷಯ ಏನೆಂದರೆ ನೀರು. ಅಪ್ಪ ಹೋದ ಮೇಲೆ ಭಾಗ ಆಯಿತು. ಮೇಲಿನ ತೋಟ ಅಣ್ಣನಿಗೆ, ಕೆಳಗಿನದು ನನಗೆ. ಬೋರು ಅವನ ಭಾಗದಲ್ಲಿ ಬಿತ್ತು. ದಿನ ಬಿಟ್ಟು ದಿನ ನೀರು ಅಂತ ಪಾಲುಪಟ್ಟಿಯಲ್ಲಿ ಬರೆಸಿದೆವು. ನಾಲ್ಕೈದು ವರ್ಷ ಸರಿಯಾಗೇ ನಡೆಯಿತು. ಒಂದು ಬೇಸಿಗೆಯಲ್ಲಿ ಮೋಟರ್ ಸುಟ್ಟುಹೋಯಿತು. ನನ್ನ ಪಾಳಿಯಲ್ಲಿ ಸುಟ್ಟದ್ದು, ರೀವೈಂಡಿಂಗ್ ಖರ್ಚು ನೀನೇ ಕೊಡು ಅಂದ ಅವನು. ಮೋಟರ್ ಇಬ್ಬರದ್ದು, ಅರ್ಧ ಕೊಡ್ತೀನಿ ಅಂದೆ ನಾನು. ಮಾತಿಗೆ ಮಾತು ಬೆಳೆಯಿತು. ಮಾರನೇ ದಿನ ಹೋಗಿ ನೋಡಿದರೆ ಸ್ಟಾರ್ಟರ್ ಪೆಟ್ಟಿಗೆಗೆ ಬೀಗ. ಹಿತ್ತಾಳೆ ಬೀಗ, ಅಂಗೈ ಅಗಲದ್ದು. ಆ ವರ್ಷ ನನ್ನ ಮರಗಳಲ್ಲಿ ಹರಳು, ಅಂದರೆ ತೆಂಗಿನ ಎಳೇ ಮಿಡಿ, ಉದುರಿದ್ದನ್ನು ಬುಟ್ಟಿಯಲ್ಲಿ ಆಯ್ದು ಹಾಕಿದ್ದೇನೆ. ನಾನು ಲಾಯರ್ ಹತ್ತಿರ ಹೋದೆ. ಕೇಸು ಬಿತ್ತು. ಅಲ್ಲಿಂದ 11 ವರ್ಷ ನಾವು ಮಾತಾಡಲಿಲ್ಲ, ಮದುವೆಗೆ ಕರೆಯಲಿಲ್ಲ, ಸಾವಿಗೆ ಮಾತ್ರ ಹೋದೆವು, ಅಲ್ಲೂ ಎದುರುಬದುರು ಆಗದ ಹಾಗೆ.

ಇಷ್ಟರಲ್ಲಿ ಪ್ರಾರ್ಥನೆ ನಿಂತಿತಾ? ಇಲ್ಲ. ಅದೇ ತಮಾಷೆ. ನಮ್ಮ ಮನೆಯಲ್ಲಿ ರಾತ್ರಿ ಊಟ ಆದಮೇಲೆ ಕುಟುಂಬ ಪ್ರಾರ್ಥನೆ ಅಪ್ಪನ ಕಾಲದಿಂದಲೂ ಇದೆ. ಒಂದು ಹಾಡು, ಒಂದು ಅಧ್ಯಾಯ, ಆಮೇಲೆ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ನನ್ನ ಪ್ರಾರ್ಥನೆಯಲ್ಲಿ ಅಣ್ಣ ದಿನಾ ಬರುತ್ತಿದ್ದ. "ಕರ್ತನೇ, ಅವನಿಗೆ ಒಳ್ಳೇ ಬುದ್ಧಿ ಕೊಡು. ಅವನ ಕಣ್ಣು ತೆರೆಸು. ಸತ್ಯ ಏನು ಅಂತ ಅವನಿಗೆ ತೋರಿಸು." ಕೇಳುವವರಿಗೆ ಎಷ್ಟು ಚೆನ್ನಾಗಿದೆ ನೋಡಿ! ಪ್ರಾರ್ಥನೆ ಅಲ್ಲ ಅದು, ಪೊಲೀಸ್ ಸ್ಟೇಷನ್ನಿಗೆ ಕೊಡುವ ದೂರು. ಕೆಳಗೆ 'ಇಂತಿ ನಿಮ್ಮ ವಿಧೇಯ' ಒಂದು ಇರಲಿಲ್ಲ.

ಆ ದಿನಗಳಲ್ಲಿ ಸತ್ಯವೇದದಲ್ಲಿ, ಅಂದರೆ ಬೈಬಲ್ಲಿನಲ್ಲಿ, ನನಗೆ ತುಂಬ ಹಿಡಿಸಿದ್ದು 109ನೇ ಕೀರ್ತನೆ. ವೈರಿಯ ಆಯುಸ್ಸು ಕಡಿಮೆ ಆಗಲಿ, ಅವನ ಮಕ್ಕಳು ಭಿಕ್ಷೆ ಬೇಡಲಿ, ಸಾಲ ಕೊಟ್ಟವನು ಅವನದ್ದನ್ನೆಲ್ಲ ಕಿತ್ತುಕೊಳ್ಳಲಿ ಅಂತ ಒಂದೇ ಸಮ ಶಾಪ ಹಾಕುವ ಕೀರ್ತನೆ. ಇಂಥದ್ದೂ ದೇವರ ವಾಕ್ಯದಲ್ಲಿ ಇದೆಯಲ್ಲಾ ಅಂತ ಒಳಗೊಳಗೆ ಖುಷಿ. ಈಗ ಅನ್ನಿಸುತ್ತದೆ, ಅದು ಅಲ್ಲಿರುವುದು ಒಳ್ಳೆಯದೇ. ಹೊಟ್ಟೆಯಲ್ಲಿ ವಿಷ ಇಟ್ಟುಕೊಂಡು ಬಾಯಲ್ಲಿ ಸ್ತೋತ್ರ ಸ್ತೋತ್ರ ಅನ್ನುವುದಕ್ಕಿಂತ ಆ ವಿಷವನ್ನು ದೇವರ ಮುಂದೆಯೇ ಕಕ್ಕುವುದು ಪ್ರಾಮಾಣಿಕ. ನಾನು ಮಾಡುತ್ತಿದ್ದುದು ಅದೂ ಅಲ್ಲ. ಬಟ್ಟೆ ಸುತ್ತಿ ಕಕ್ಕುತ್ತಿದ್ದೆ.

ಲೂಕನ ಸುವಾರ್ತೆ 12ನೇ ಅಧ್ಯಾಯದಲ್ಲಿ ಒಬ್ಬ ಬರುತ್ತಾನೆ. ಜನರ ಗುಂಪಿನ ನಡುವಿಂದ ಯೇಸುವನ್ನು ಕೂಗಿ, ತಂದೆಯ ಆಸ್ತಿಯಲ್ಲಿ ನನಗೂ ಪಾಲು ಕೊಡುವ ಹಾಗೆ ನನ್ನ ಅಣ್ಣನಿಗೆ ಹೇಳು ಅನ್ನುತ್ತಾನೆ. ಹೆಸರಿಲ್ಲದ ಆ ಮನುಷ್ಯ ಗುಬ್ಬಿ ತಾಲ್ಲೂಕಿನವನೇ ಇರಬೇಕು! ಯೇಸು ಏನಂದ? ನಿಮಗೆ ಪಾಲು ಮಾಡಿಕೊಡಲು ನನ್ನನ್ನು ಯಾರು ನೇಮಿಸಿದರು ಅಂದ. ಅಷ್ಟು ಹೇಳಿ, ಲೋಭದ ವಿಷಯದಲ್ಲಿ ಎಚ್ಚರವಾಗಿರಿ ಅಂತ ಮಾತನ್ನು ಅವನ ಕಡೆಗೇ ತಿರುಗಿಸಿದ. ಅವನು ಅಣ್ಣನ ಮೇಲೆ ಅರ್ಜಿ ತಂದಿದ್ದ, ಅರ್ಜಿ ವಾಪಸ್ ಬಂತು, ಮೇಲೆ ಅವನದೇ ವಿಳಾಸ ಬರೆದು. ನಾನು ಈ ಭಾಗವನ್ನು ಎಷ್ಟೋ ಸಲ ಓದಿದ್ದೆ. ಆ 11 ವರ್ಷದಲ್ಲೂ ಓದಿದ್ದೆ. ನನಗೆ ತಗುಲಲಿಲ್ಲ. ಅಣ್ಣನ ಲೋಭದ ಬಗ್ಗೆ ಬರೆದಿದೆ ಅಂತಲೇ ಓದಿಕೊಂಡಿದ್ದೆ.

ತಗುಲಿದ್ದು ಹೆಂಡತಿಯ ಮಾತು. ಒಂದು ರಾತ್ರಿ ಪ್ರಾರ್ಥನೆ ಮುಗಿದು ಚಾಪೆ ಸುತ್ತುತ್ತಾ ಅವಳು, "ರೀ, ದಿನಾ ಆ ಒಂದು ಸಾಲು ನುಂಗ್ತೀರಲ್ಲಾ, ಹೊಟ್ಟೆಗೆ ಇಳೀತಾ?" ಅಂದಳು.

ಯಾವ ಸಾಲು ಅಂತ ನಾನು ಕೇಳಲಿಲ್ಲ. ಕೇಳುವ ಅವಶ್ಯಕತೆ ಇರಲಿಲ್ಲ. ಕರ್ತನ ಪ್ರಾರ್ಥನೆ ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಅದು, ಮತ್ತಾಯನ ಸುವಾರ್ತೆ 6ನೇ ಅಧ್ಯಾಯದಲ್ಲಿದೆ, ಒಂದು ನಿಮಿಷವೂ ಹಿಡಿಯುವುದಿಲ್ಲ. ಅದರಲ್ಲಿ "ನಮಗೆ ತಪ್ಪುಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪುಗಳನ್ನು ಕ್ಷಮಿಸು" ಅಂತ ಬರುತ್ತದೆ. ಅನುದಿನದ ಆಹಾರದವರೆಗೆ ನನ್ನ ಗಂಟಲು ಗಟ್ಟಿಯಾಗೇ ಇರುತ್ತಿತ್ತು. ಇಲ್ಲಿ ಬಂದಾಗ ಕೆಮ್ಮು, ಇಲ್ಲಾ ಗೊಣಗು. ಮುಂದಿನ ಸಾಲಿನ "ಶೋಧನೆಯೊಳಗೆ" ಅನ್ನುವಾಗ ಮತ್ತೆ ಗಟ್ಟಿ.

ಕನ್ನಡದಲ್ಲಿ ಹೇಳುವಾಗ ಇನ್ನೊಂದು ಪೇಚಿದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ವಾ, ಹಾಗಾಗಿ ಬೇಡಿಕೆ ಆಮೇಲೆ, ನಾವು ಮಾಡಿದ್ದು ಮೊದಲು. ಇಂಗ್ಲಿಷಿನಲ್ಲಿ ನನ್ನನ್ನು ಕ್ಷಮಿಸು ಎಂದು ಮೊದಲೇ ಕೇಳಿಬಿಡಬಹುದು, ಷರತ್ತು ಹಿಂದಿನಿಂದ ಬರುತ್ತದೆ. ನಮಗೆ ಆ ಸೌಕರ್ಯ ಇಲ್ಲ. 'ಕ್ಷಮಿಸಿದಂತೆ' ಅಂತ ಆಗಿಹೋದ ಮಾತು ಹೇಳಿದ ಮೇಲೆಯೇ 'ಕ್ಷಮಿಸು' ಅನ್ನಬೇಕು. ಟೋಲ್ ಕಟ್ಟಿಯೇ ಗೇಟು ದಾಟಬೇಕು.

ಆ ಪತ್ರದವರು ಕೇಳಿದ್ದಾರಲ್ಲ, ದೇವರಿಗೆ ಮೊದಲೇ ಗೊತ್ತಿದ್ದರೆ ಕೇಳುವುದೇಕೆ ಅಂತ. ಈ ಪ್ರಶ್ನೆ ಯೇಸುವಿಗೂ ಗೊತ್ತಿತ್ತು. ಈ ಪ್ರಾರ್ಥನೆ ಕಲಿಸುವುದಕ್ಕೆ ಸ್ವಲ್ಪ ಮುಂಚೆ, ನೀವು ಬೇಡಿಕೊಳ್ಳುವುದಕ್ಕಿಂತ ಮೊದಲೇ ನಿಮಗೆ ಏನು ಬೇಕೆಂಬುದು ನಿಮ್ಮ ತಂದೆಗೆ ತಿಳಿದಿದೆ ಎಂದು ಅವನೇ ಹೇಳುತ್ತಾನೆ. ಹೇಳಿ, ಹಾಗಾದರೆ ಬೇಡಬೇಡಿ ಅನ್ನಬೇಕಿತ್ತು ತಾನೇ? ಅನ್ನಲಿಲ್ಲ. ಆದ್ದರಿಂದ ಹೀಗೆ ಪ್ರಾರ್ಥಿಸಿರಿ ಅಂದ. ದೇವರಿಗೆ ಸುದ್ದಿ ಮುಟ್ಟಿಸುವುದಕ್ಕಲ್ಲ ಅಂದ ಮೇಲೆ ಈ ಮಾತುಗಳು ಇನ್ಯಾರಿಗೆ? ಅದೂ ಅಲ್ಲದೆ ಇಡೀ ಪ್ರಾರ್ಥನೆ ಕಲಿಸಿ ಮುಗಿಸಿದ ಮೇಲೆ ಅವನು ಬಿಡಿಸಿ ಹೇಳುವುದು ಒಂದೇ ಸಾಲನ್ನು. ಅದೇ, ನಾನು ನುಂಗುತ್ತಿದ್ದ ಸಾಲು. ನೀವು ಕ್ಷಮಿಸದಿದ್ದರೆ ನಿಮಗೂ ಇಲ್ಲ, ಖಡಾಖಂಡಿತ.

ನಮ್ಮ ಸಭೆಯಲ್ಲಿ ರಿಟೈರ್ ಆದ ಒಬ್ಬ ಟೀಚರಮ್ಮ ಇದ್ದರು, ಈಗಿಲ್ಲ. ನನ್ನ ಸಂಕಟ ಅವರ ಹತ್ತಿರ ಹೇಳಿಕೊಂಡೆ. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಬಟಾಣಿ ಸುಲಿಯುವುದನ್ನು ನಿಲ್ಲಿಸದೆ, "ನೀನು ನಿನಗೇನು ಬೇಡ್ಕೊತೀಯಪ್ಪ?" ಅಂದರು. ನೀರು, ಟೀಚರ್, ಮತ್ತಿನ್ನೇನು ಅಂದೆ. "ಅದನ್ನೇ ಅವನಿಗೆ ಬೇಡ್ಕೊ. ಮೊದಲು ಅವನ ಹೆಸರು, ಆಮೇಲೆ ನಿನ್ನದು. ಬುದ್ಧಿ ಗಿದ್ದಿ ಕೇಳೋಕೆ ಹೋಗಬೇಡ, ಅದು ನಿಂಗೇ ಬೇಕಾಗುತ್ತೆ."

ಶುರು ಮಾಡಿದೆ. "ಕರ್ತನೇ, ಅಣ್ಣನ ತೋಟಕ್ಕೆ ನೀರು ಕೊಡು." ಮರಳು ಅಗಿದಂತೆ ಆಗುತ್ತಿತ್ತು. ಮೊದಲ ರಾತ್ರಿ ಹೇಳಿ ಎದ್ದವನು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ಕುಡಿದೆ. ಭಾವ ಗೀವ ಏನೂ ಇರಲಿಲ್ಲ. ಸುಮ್ನೆ ಹೇಳುತ್ತಿದ್ದೆ, ಮಾತ್ರೆ ನುಂಗಿದ ಹಾಗೆ. ಕೆಲವು ರಾತ್ರಿ ಹೇಳಲೇ ಇಲ್ಲ, ಮಲಗಿಬಿಟ್ಟೆ. ಇದು ವಾರದ ಕತೆಯಲ್ಲ, ಒಂದೂವರೆ ವರ್ಷದ್ದು. ಒಂದೇ ರಾತ್ರಿಯಲ್ಲಿ ಬದಲಾದೆ ಅಂತ ಸಾಕ್ಷಿ ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಸ್ವಲ್ಪ ಅನುಮಾನ.

ಆದರೆ ಒಬ್ಬನಿಗೆ ದಿನಾ ಏನಾದರೂ ಬೇಡಿಕೊಳ್ಳಬೇಕೆಂದರೆ ಅವನಿಗೆ ಏನು ಬೇಕು ಅಂತ ಗೊತ್ತಿರಬೇಕಾಗುತ್ತದೆ. ನೀರು ನೀರು ಅಂತ ಎಷ್ಟು ದಿನ ಹೇಳುವುದು? ಹಾಗಾಗಿ ಗಮನಿಸತೊಡಗಿದೆ. ಅವನು ಬಸ್ಸಿನ ಮೆಟ್ಟಿಲು ಇಳಿಯುವಾಗ ಬಲಗಾಲು ಮೊದಲು ಇಡುತ್ತಿದ್ದ, ಎಡ ಮಂಡಿ ಹಿಡಿದುಕೊಂಡಿತ್ತು. ಮಂಡಿ ಸೇರಿತು. ಅತ್ತಿಗೆಗೆ ಸಕ್ಕರೆ ಕಾಯಿಲೆ, ಅದೂ ಸೇರಿತು. ಕಾಯಿ ಕೀಳುವವರು ಅವನಿಗೂ ಕೈಕೊಡುತ್ತಿದ್ದರು, ನನಗೆ ಕೊಟ್ಟಷ್ಟೇ. ವೈರಿ ಅಂದುಕೊಂಡವನ ಬದುಕು ನನ್ನದರ ಹಾಗೆಯೇ ಇತ್ತು. ಅದೇ ಉದುರುವ ಹರಳು, ಅದೇ ರಾತ್ರಿ ಎರಡು ಗಂಟೆಯ ತ್ರೀಫೇಸ್ ಕರೆಂಟು.

ಆಮೇಲೆ ಒಂದು ದಿನ ಮನಸ್ಸಿಗೆ ಬಂದ ವಿಷಯ ನನ್ನನ್ನು ಕೂರಿಸಿಬಿಟ್ಟಿತು. ನಾನು ಎಸ್ಸೆಸ್ಸೆಲ್ಸಿ ಫೇಲಾದಾಗ ಟ್ಯುಟೋರಿಯಲ್‌ಗೆ ಕಟ್ಟಲು ದುಡ್ಡಿರಲಿಲ್ಲ. ಅಪ್ಪ ಬೈದು ಸುಮ್ಮನಾದರು. ಎರಡು ಮೂಟೆ ಕೊಬ್ಬರಿ ತಿಪಟೂರಿಗೆ ಹಾಕಿ ದುಡ್ಡು ತಂದು ಕಟ್ಟಿದವನು ಅಣ್ಣ. ಅಪ್ಪನಿಗೆ ಹೇಳದೆ. ಅದಕ್ಕೆ ಅವನು ಬೈಸಿಕೊಂಡದ್ದೂ ನೆನಪಾಯಿತು. ನನ್ನ ಕೇಸಿನ ಅಫಿಡವಿಟ್ಟಿನಲ್ಲಿ ಏನಿತ್ತು ಗೊತ್ತಾ? ಪ್ರತಿವಾದಿಯು ಮೊದಲಿನಿಂದಲೂ ನನ್ನ ಏಳಿಗೆಯನ್ನು ಸಹಿಸದವನಾಗಿದ್ದು, ಎಂದಿಗೂ ಯಾವುದೇ ಸಹಾಯ ಮಾಡಿರುವುದಿಲ್ಲ. ಬರೆದವರು ಲಾಯರು, ಅವರು ಎಲ್ಲರಿಗೂ ಹಾಗೇ ಬರೆಯುತ್ತಾರೆ. ಆದರೆ ಅದನ್ನು ಓದಿ ಸಹಿ ಹಾಕಿದವನು ನಾನು. ಹಾಕುವಾಗ ಅದು ನನಗೆ ಸುಳ್ಳು ಅನ್ನಿಸಲೇ ಇಲ್ಲ. ನಿಜವಾಗಿಯೂ ಮರೆತಿದ್ದೆ. ದ್ವೇಷಕ್ಕೆ ಈ ಶಕ್ತಿ ಇದೆ, ಬೇಕಾದ ಪುಟಗಳನ್ನು ಹರಿದು ಹಾಕುತ್ತದೆ. ಅವನ ಹೆಸರು ದಿನಾ ದೇವರ ಮುಂದೆ ಹೇಳುತ್ತಾ ಹೋದ ಮೇಲೆ ಹರಿದ ಪುಟ ಎಲ್ಲಿಂದಲೋ ವಾಪಸ್ ಬಂತು.

ಇದನ್ನೆಲ್ಲ ಮಗಳಿಗೆ ಹೇಳಿದಾಗ ಅವಳು, "ಅಪ್ಪ, ಇದು ಮನಸ್ಸಿಗೆ ಕೊಡುವ ವ್ಯಾಯಾಮ ಅಷ್ಟೇ ಅಲ್ವಾ? ದೇವರು ಇಲ್ಲದಿದ್ದರೂ ಆಗ್ತಿತ್ತು" ಅಂದಳು. ಓದಿದ ಹುಡುಗಿ, ಒಳ್ಳೆ ಪ್ರಶ್ನೆ. ನನ್ನ ಉತ್ತರ ಇಷ್ಟೇ. ವ್ಯಾಯಾಮ ಮಾಡುವವನಿಗೆ ಬದಲಾಗುವ ಆಸೆ ಇರುತ್ತದೆ. ನನಗೆ ಇರಲಿಲ್ಲ. ನನ್ನ ಪಾಡಿಗೆ ನನ್ನನ್ನು ಬಿಟ್ಟಿದ್ದರೆ ನಾನು ಇನ್ನೂ ಜೋರಾದ ಲಾಯರನ್ನು ಹುಡುಕುತ್ತಿದ್ದೆ. ಎದುರಿಗೆ ಒಬ್ಬ ಕೂತಿದ್ದಾನೆ, ಅವನಿಗೆ ಅಣ್ಣನೂ ಮಗನೇ ಅನ್ನುವುದಕ್ಕೇ ಆ ಸಾಲು ಗಂಟಲಿಗೆ ಸಿಕ್ಕಿಕೊಂಡಿತು. ಗೋಡೆಗೆ ಹೇಳುತ್ತಿದ್ದರೆ ಯಾಕೆ ಸಿಕ್ಕಿಕೊಳ್ಳಬೇಕಿತ್ತು? ಮಗಳು ಒಪ್ಪಿದಳೋ ಇಲ್ಲವೋ, ಟೀ ಮಾಡಲು ಎದ್ದುಹೋದಳು.

ನಾವು ಕೇಳಿದ್ದೂ ಕೊಟ್ಟಿದ್ದೂ ಬೇರೆ ಬೇರೆ ಇರುವುದು ಸತ್ಯವೇದದಲ್ಲಿ ಮರೆಮಾಚಿದ ವಿಷಯವೇ ಅಲ್ಲ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಕೇಳಿದ್ದು ಸಿಗಲಿಲ್ಲ. ಮತ್ತಾಯನಲ್ಲಿ ಆ ಎರಡು ಪ್ರಾರ್ಥನೆಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿ. ಮೊದಲನೆಯದರಲ್ಲಿ, ಸಾಧ್ಯವಾದರೆ ಈ ಪಾತ್ರೆ (ಮುಂದಿರುವ ಸಂಕಟ) ನನ್ನನ್ನು ಬಿಟ್ಟುಹೋಗಲಿ, ಆದರೂ ನಿನ್ನ ಚಿತ್ತ ಅನ್ನುತ್ತಾನೆ. ಹೋಗಿ ನೋಡಿದರೆ ಶಿಷ್ಯರು ನಿದ್ದೆಯಲ್ಲಿದ್ದಾರೆ. ವಾಪಸ್ ಬಂದು ಎರಡನೇ ಸಲ ಪ್ರಾರ್ಥಿಸುವಾಗ ಮಾತು ಬೇರೆ. ನಾನು ಕುಡಿಯದ ಹೊರತು ಇದು ಹೋಗುವುದಿಲ್ಲ ಎಂದಾದರೆ ನಿನ್ನ ಚಿತ್ತ ಆಗಲಿ. ಪಾತ್ರೆ ಅಲ್ಲೇ ಇದೆ, ಅಲುಗಿಲ್ಲ. ಅಲುಗಿದ್ದು ಬೇಡಿದ ಮಾತು. ಆ ರಾತ್ರಿ ಅವನು ಮೂರು ಸಲ ಪ್ರಾರ್ಥಿಸಿದ. ಆಮೇಲೆ ಮಲಗಿದ್ದವರನ್ನು ಎಬ್ಬಿಸಿ, ಏಳಿ ಹೋಗೋಣ ಅಂದ. ಕಳವಳಪಡುತ್ತಾ ತೋಟದೊಳಗೆ ಹೋದವನು ತಾನೇ ಎದ್ದು ಎದುರಿಗೆ ನಡೆದ.

ಸತ್ಯವೇದದಲ್ಲೇ ಬರುವ ಹನ್ನಳ ಕತೆ ಇನ್ನೂ ಹತ್ತಿರದ್ದು, ಮನೆ ಹೆಂಗಸರದ್ದು. ಮಕ್ಕಳಿಲ್ಲ, ಸವತಿ ಚುಚ್ಚುತ್ತಾಳೆ, ಹಬ್ಬದ ದಿನವೂ ಅನ್ನ ಮುಟ್ಟುವುದಿಲ್ಲ. ಶೀಲೋವಿನ ಗುಡಿಯಲ್ಲಿ ತುಟಿ ಮಾತ್ರ ಆಡಿಸಿ ಬೇಡಿಕೊಳ್ಳುತ್ತಿದ್ದವಳನ್ನು ಯಾಜಕ ಏಲಿ ಕುಡಿದಿದ್ದಾಳೆ ಅಂದುಕೊಂಡು ಗದರಿಸುತ್ತಾನೆ. ಅವಳು ವಿವರಿಸಿದ ಮೇಲೆ ಒಂದು ಒಳ್ಳೆ ಮಾತು ಹೇಳಿ ಕಳಿಸುತ್ತಾನೆ, ಅಷ್ಟೇ. ಮಗು ಇನ್ನೂ ಎಲ್ಲಿಯೂ ಇಲ್ಲ. ಆದರೆ ಅಲ್ಲಿ ಬರೆದಿದೆ, ಅವಳು ಹೋಗಿ ಊಟ ಮಾಡಿದಳು, ಮುಖದಲ್ಲಿ ಮತ್ತೆ ದುಃಖ ಕಾಣಲಿಲ್ಲ ಎಂದು. ಊಟ ಮೊದಲು ಬಂತು, ಮಗ ಸಮುವೇಲ ಆಮೇಲೆ ಹುಟ್ಟಿದ. ಎಲ್ಲರಿಗೂ ಸಮುವೇಲ ಹುಟ್ಟುವುದಿಲ್ಲ, ಅದೂ ಗೊತ್ತು. ಮಕ್ಕಳಾಗದ ಹೆಣ್ಣುಮಕ್ಕಳಿಗೆ ಈ ಕತೆ ಹೇಳುವಾಗ ನಮ್ಮವರು ಕೊನೆಯ ಭಾಗಕ್ಕೆ ಒತ್ತು ಕೊಡುತ್ತಾರೆ. ನನಗೆ ಆ ಊಟವೇ ದೊಡ್ಡದು.

ಇನ್ನು ಬೆಂಚಿನ ವಿಷಯ ಹೇಳದಿದ್ದರೆ ಪತ್ರ ಪೂರ್ತಿ ಆಗುವುದಿಲ್ಲ.

ಸಿಎಸ್‌ಐ ಆರಾಧನೆಯಲ್ಲಿ ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚುವುದಕ್ಕೆ) ಮುಂಚೆ ಸಮಾಧಾನ ಹಂಚಿಕೊಳ್ಳುವ ಪದ್ಧತಿ ಇದೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಅಂತ ಬೇರೆ ಬೇರೆಯಾಗಿದ್ದ ಸಭೆಗಳು ಒಂದಾಗಿ ಸಿಎಸ್‌ಐ ಆಯಿತು. 1950ರ ಹೊತ್ತಿಗೆ ತಯಾರಾದ ಆರಾಧನಾ ಕ್ರಮದಲ್ಲಿ ಇದನ್ನು ಸೇರಿಸಿದರು, ಕೇರಳದ ಸಿರಿಯನ್ ಕ್ರೈಸ್ತರ ಹಳೇ ರೂಢಿಯಿಂದ ತೆಗೆದುಕೊಂಡು. ಕೊಡುವವನು ತನ್ನ ಬಲ ಅಂಗೈಯನ್ನು ತೆಗೆದುಕೊಳ್ಳುವವನ ಬಲ ಅಂಗೈಗೆ ಸೇರಿಸುತ್ತಾನೆ, ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುತ್ತಾರೆ. ಅಲ್ಟಾರಿನಿಂದ ಶುರುವಾಗಿ ಬೆಂಚಿನಿಂದ ಬೆಂಚಿಗೆ, ಕೈಯಿಂದ ಕೈಗೆ ಬರುತ್ತದೆ. ಈಗ ಎಷ್ಟೋ ಕಡೆ ಕೈಮುಗಿದು ಮುಗಿಸಿಬಿಡುತ್ತಾರೆ. ನಮ್ಮಲ್ಲಿ ಇನ್ನೂ ಕೈಯೇ.

ಅದಕ್ಕೇ ಬೆಂಚಿನ ಲೆಕ್ಕಾಚಾರ. ಅಣ್ಣ ಬಲಗಡೆ ಮೂರನೇ ಬೆಂಚು, ಅಪ್ಪನ ಜಾಗ. ನಾನು ಎಡಗಡೆ ಕಂಬದ ಹಿಂದೆ. ಅಲ್ಲಿ ಕೂತರೆ ಅವನ ಕೈಯಿಂದ ಹೊರಟ ಸಮಾಧಾನ ನನ್ನವರೆಗೆ ಬರಲು ನಡುವೆ ಏಳೆಂಟು ಜನರ ಕೈ ದಾಟಬೇಕು, ಅಷ್ಟರಲ್ಲಿ ಅದು ಯಾರದ್ದೋ ಆಗಿರುತ್ತದೆ. ಎಷ್ಟೋ ವರ್ಷದಿಂದ ಬೇರೆಯಿದ್ದ ಸಭೆಗಳು ಒಂದಾದವು, ಒಂದೇ ಸಭೆಯ ಇಬ್ಬರು ಅಣ್ಣತಮ್ಮಂದಿರು ಕಂಬ ಅಡ್ಡ ಇಟ್ಟುಕೊಂಡು ಕೂತರು!

ಎರಡನೇ ಮಹಾಯುದ್ಧದ ಕಾಲದ ಕೊರ್ರಿ ಟೆನ್ ಬೂಮ್ ಅವರ ವಿಷಯ ನಮ್ಮಲ್ಲಿ ಹಲವರಿಗೆ ಗೊತ್ತು. ಹಾಲೆಂಡಿನ ಹಾರ್ಲೆಮ್ ಊರಿನ ಗಡಿಯಾರದ ಅಂಗಡಿಯವರು, ಮನೆಯಲ್ಲಿ ಯೆಹೂದ್ಯರನ್ನು ಬಚ್ಚಿಟ್ಟಿದ್ದಕ್ಕೆ 1944ರಲ್ಲಿ ಸಿಕ್ಕಿಬಿದ್ದರು. ಅವರನ್ನೂ ಅಕ್ಕ ಬೆಟ್ಸಿಯನ್ನೂ ನಾಜಿಗಳ ರಾವೆನ್ಸ್‌ಬ್ರೂಕ್ ಸೆರೆ ಕ್ಯಾಂಪಿಗೆ ಹಾಕಿದರು, ಬೆಟ್ಸಿ ಅಲ್ಲೇ ಸತ್ತಳು. 1947ರಲ್ಲಿ ಮ್ಯೂನಿಕ್‌ನ ಒಂದು ಚರ್ಚಿನಲ್ಲಿ ಕ್ಷಮೆಯ ಬಗ್ಗೆ ಮಾತಾಡಿ ಮುಗಿಸಿದಾಗ ಆ ಕ್ಯಾಂಪಿನಲ್ಲಿ ಕಾವಲಿದ್ದ ಒಬ್ಬ ಬಂದು ಕೈ ಚಾಚಿದ. ಇವರ ಕೈ ಮೇಲೇಳಲಿಲ್ಲ. ನನ್ನಿಂದ ಆಗುವುದಿಲ್ಲ, ನೀನೇ ನೆರವಾಗು ಅಂತ ಮನಸ್ಸಿನಲ್ಲೇ ಪ್ರಾರ್ಥಿಸಿ, ಯಂತ್ರದ ಹಾಗೆ ಕೈ ಎತ್ತಿದರು. ಪ್ರೀತಿ ಕೈ ಎತ್ತಿದ ಮೇಲೆ ಬಂತು ಅಂತ ಅವರೇ ಹೇಳಿಕೊಂಡಿದ್ದಾರೆ. ಅವರ ನೋವಿನ ಮುಂದೆ ನನ್ನ ಮೋಟರಿನ ಜಗಳ ಎಷ್ಟರದ್ದು, ಹೋಲಿಸಲೂ ನಾಚಿಕೆ. ಆದರೆ ಮೇಲೇಳದ ಕೈ ಹೇಗಿರುತ್ತದೆ ಅಂತ ಮಾತ್ರ ನನಗೆ ಗೊತ್ತು.

ಯಾವುದೋ ಒಂದು ತಿಂಗಳಿನ ಮೊದಲನೇ ಭಾನುವಾರ ಹೋಗಿ ಅಣ್ಣನ ಬೆಂಚಿನಲ್ಲಿ ಕೂತೆ. ಯಾರೂ ಹೇಳಿರಲಿಲ್ಲ, ಕನಸು ಗಿನಸು ಏನೂ ಬಿದ್ದಿರಲಿಲ್ಲ. ಆ ಹೊತ್ತಿಗೆ ಕಂಬದ ಹಿಂದೆ ಕೂರುವುದು ನನಗೇ ಪೆದ್ದುತನ ಅನ್ನಿಸಲು ಶುರುವಾಗಿತ್ತು. ಅವನು ಸ್ವಲ್ಪ ಸರಿದು ಜಾಗ ಬಿಟ್ಟ, ತಿರುಗಿ ನೋಡಲಿಲ್ಲ. ಸಮಾಧಾನ ಬಂತು. ಅವನ ಕೈಗೆ ನಾನೇ ಕೊಡಬೇಕು. ಕೊಟ್ಟೆ. ಅವನ ಅಂಗೈ ಒಣ ತೆಂಗಿನ ಮಟ್ಟೆಯ ಹಾಗಿತ್ತು, ಹೆಬ್ಬೆರಳಿನ ಬುಡದಲ್ಲಿ ಸೀಳಿತ್ತು. ನನ್ನದೂ ಅಲ್ಲೇ ಸೀಳಿದೆ. ಹೇಳಬೇಕಾದ ಮಾತು ಹೇಳಿದೆವು, ಪುಸ್ತಕದಲ್ಲಿರುವಷ್ಟೇ. ಅವನು ಎಡಗೈ ಮುಚ್ಚಿದನೋ ಇಲ್ಲವೋ ಅಂತ ನಾನು ಕಾದೆ. ಸ್ವಲ್ಪ ತಡವಾಗಿ ಮುಚ್ಚಿದ.

ಸಿನಿಮಾದ ಹಾಗೆ ತಬ್ಬಿಕೊಂಡು ಅತ್ತಿರಬೇಕು ಅಂದುಕೊಂಡರೆ, ಇಲ್ಲ. ಅಣ್ಣ ಬದಲಾಗಿದ್ದಾನೆ ಅಂತ ನಾನು ಹೇಳಲಾರೆ, ಅದು ನನ್ನ ಲೆಕ್ಕವೂ ಅಲ್ಲ. ಸ್ಟಾರ್ಟರ್ ಪೆಟ್ಟಿಗೆಗೆ ಈಗಲೂ ಬೀಗ ಇದೆ, ಈಗ ಬೀಗದ ಕೈ ಎರಡಿದೆ ಅಷ್ಟೇ. ನನ್ನ ಪಾಳಿಯಲ್ಲಿ ಅರ್ಧ ಗಂಟೆ ಅವನು ನುಂಗುವುದು ಇನ್ನೂ ನಿಂತಿಲ್ಲ. ಕೇಸು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ರಾಜಿಯಲ್ಲಿ ನೀರಿನ ಪಾಳಿಯನ್ನು ಮತ್ತೆ ಬರೆಸಿದ್ದೇನೆ. ರೀವೈಂಡಿಂಗ್ ಖರ್ಚು ಅರ್ಧರ್ಧ ಅಂತಲೂ ಬರೆಸಿದ್ದೇನೆ.

ಇದನ್ನು ಬೇಕೆಂತಲೇ ಹೇಳಿದೆ. ಕ್ಷಮಿಸುವುದು ಅಂದರೆ ಮೈಮೇಲೆ ನಡೆದುಕೊಂಡು ಹೋಗಲು ಬಿಡುವುದು ಅಂತ ಕೆಲವರು, ಅದರಲ್ಲೂ ಗಂಡನ ಕೈಯಲ್ಲಿ ಏಟು ತಿನ್ನುವ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವ ದೊಡ್ಡವರು, ತಪ್ಪು ತಿಳಿದಿದ್ದಾರೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಅವರನ್ನು, ಅವರ ಗಂಡುಮಕ್ಕಳಾದ 10 ವರ್ಷದ ಫಿಲಿಪ್ ಮತ್ತು 6 ವರ್ಷದ ತಿಮೊತಿಯ ಜೊತೆಗೆ, ಮಲಗಿದ್ದ ವಾಹನದಲ್ಲೇ ಸುಟ್ಟರು. ಅವರ ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಎಂದು ಎಲ್ಲರೆದುರು ಹೇಳಿ, ಬಾರಿಪದಾದ ಕುಷ್ಠರೋಗಿಗಳ ನಡುವೆ ಇನ್ನೂ ಹಲವು ವರ್ಷ ಉಳಿದರು. 2005ರಲ್ಲಿ ಪದ್ಮಶ್ರೀ ಬಂತು. ಕೇಸು ಅದರ ಪಾಡಿಗೆ ನಡೆಯಿತು, ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ, ಅದನ್ನು ದೇವರ ಮುಂದೆ ಕೂತು ನಾನು ಮಾಡಬೇಕಾಗಿಲ್ಲ.

ನನ್ನಲ್ಲಿ ಆದ ಬದಲಾವಣೆ ಏನು ಅಂತ ಯಾರಾದರೂ ಕೇಳಿದರೆ ಹೇಳಲು ಇರುವುದು ತೀರಾ ಚಿಕ್ಕದು. ತುಮಕೂರಿಗೆ ಬಸ್ಸಿನಲ್ಲಿ ಹೋಗುವಾಗ ಮೊದಲೆಲ್ಲ ಕಿಟಕಿ ಪಕ್ಕ ಕೂತು ತಲೆಯೊಳಗೆ ಅಣ್ಣನ ಜೊತೆ ವಾದ ಮಾಡುತ್ತಿದ್ದೆ, ಗೆಲ್ಲುವವನು ಯಾವಾಗಲೂ ನಾನೇ. ಈಗ ನಿದ್ದೆ ಬರುತ್ತದೆ. ಎರಡು ಸಲ ಸ್ಟಾಪ್ ದಾಟಿ ಹೋಗಿದ್ದೇನೆ. ಹಾಗಂತ ಪೂರ್ತಿ ವಾಸಿಯಾಗಿಲ್ಲ. ಬೇಸಿಗೆಯಲ್ಲಿ ನೀರು ಕಮ್ಮಿ ಬಿದ್ದ ರಾತ್ರಿ ಆ ಸಾಲು ಬಂದಾಗ ಹೆಂಡತಿ ಒಂದು ಕಣ್ಣು ತೆರೆದು ನನ್ನ ಕಡೆ ನೋಡುತ್ತಾಳೆ.

ದಾವಣಗೆರೆಯ ಸ್ನೇಹಿತರೇ, ನಿಮ್ಮ ತಂದೆ ಯಾಕೆ ಉಳಿಯಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಇದೆ ಅನ್ನುವವರನ್ನು ನಂಬಬೇಡಿ. ನಿಮ್ಮ ಪತ್ರ ಓದಿದ ರಾತ್ರಿಯಿಂದ ನಮ್ಮ ಮನೆಯ ಪ್ರಾರ್ಥನೆಯಲ್ಲಿ ನೀವೂ ಇದ್ದೀರಿ, ಬೇಡ ಅಂದರೂ. ಆದರೆ ಪತ್ರದ ಕೆಳಗೆ ನೀವು ಹಾಕಿದ್ದು ಎರಡು ಇನಿಷಿಯಲ್ಲು, ಊರು, ಅಷ್ಟೇ. ಆ ಅಮೆರಿಕದವರಿಗೆ ಕೊಟ್ಟಿದ್ದಕ್ಕಿಂತಲೂ ಕಮ್ಮಿ. ನಿಮ್ಮ ತಾಯಿ ಹೇಗಿದ್ದಾರೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಆಸ್ಪತ್ರೆಯ ಬಿಲ್ಲಿಗೆ ಸಾಲ ಏನಾದರೂ ಆಗಿದೆಯಾ, ಇದನ್ನೆಲ್ಲ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನನ್ನ ವಿಳಾಸ ಸಂಪಾದಕರ ಹತ್ತಿರ ಇದೆ.

– ಒಬ್ಬ ಓದುಗ, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ